ಹಸಿ ಕಟ್ಟಿಗೆ, ಒಣ ಕಟ್ಟಿಗೆ

(ಶ್ರಾವಣ ಮಾಸದ ಪ್ರವಚನಮಾಲೆಯಲ್ಲಿ ಶ್ರೀಮಠದ ಸಭಾಮಂಟಪದಲ್ಲಿ ದಯಪಾಲಿಸಿದ ಆಶೀರ್ವಚನ)



ಈ ದಿವಸ ನಾವು ಹೇಳಬೇಕೆಂದಿದ್ದುದು ಅಷ್ಟಾವರಣಗಳಲ್ಲಿ ಪಾದೋದಕದ ಮಹಿಮೆಯನ್ನು. ಆದರೆ ನಿನ್ನೆ ಮುಂಜಾನೆ ಒಂದು ಪ್ರಸಂಗ ನಡೆಯಿತು. ಅದರಿಂದ ಆ ವಿಷಯವನ್ನು ನಾಳೆಗೆ ಇಟ್ಟುಕೊಂಡಿದ್ದೇವೆ. ಪೂಜೆ ಮುಗಿಸಿ ಹೊರಗೆ ಬಂದಾಗ ಒಬ್ಬ ತಾಯಿ ಮತ್ತು ಆಕೆಯ ಮಗ ಕಟ್ಟೆಯ ಮೇಲೆ ಕುಳಿತಿದ್ದರು. ಇಬ್ಬರ ಮುಖವೂ ಬೇರೆ ಬೇರೆ ಕಡೆಗೆ ತಿರುಗಿತ್ತು. ಮನೆಯಿಂದ ಜಗಳಾಡುತ್ತಲೇ ಬಂದಿದ್ದಾರೆಂದು ಯಾರೂ ಹೇಳುವ ಅಗತ್ಯವಿರಲಿಲ್ಲ.

ಮಗ ಡಿಪ್ಲೊಮಾ ಓದಿದವನು. ಕೆಲವು ವರ್ಷ ಪುಣೆಯಲ್ಲಿ ದುಡಿದು, ತಂದೆ ಲಿಂಗೈಕ್ಯರಾದ ಮೇಲೆ ಊರಿಗೆ ಬಂದು ನಿಂತಿದ್ದಾನೆ. ಆರು ಎಕರೆ ಜಮೀನು. ನಾಲ್ಕು ಎಕರೆ ಎರೆ. ಉಳಿದೆರಡು ಹಳ್ಳದ ದಂಡೆಯ ಸವಳು ನೆಲ, ತುಂಬ ಬಳ್ಳಾರಿ ಜಾಲಿ. ಆ ಜಾಲಿಯನ್ನು ಕಡಿದು, ಬದುಗಳ ಮೇಲೆ ಮತ್ತಷ್ಟು ಉರುವಲ ಗಿಡ ಬೆಳೆಸಿ, ಕಟ್ಟಿಗೆ ವ್ಯಾಪಾರ ಮಾಡಬೇಕೆಂಬುದು ಅವನ ಆಲೋಚನೆ. ತಾಯಿ ಕಣ್ಣೀರು ಹಾಕಿ ಹೇಳಿದಳು: “ಅಪ್ಪಾರ, ಇಷ್ಟು ಓದಿಸಿ ಕಟ್ಟಿಗಿ ಮಾರಾಕ ಹಚ್ಚಲೇನ್ರೀ? ನಾಳೆ ಇವಗ ಹೆಣ್ಣ ಯಾರು ಕೊಡತಾರ್ರೀ?”

ನಾವು ಆಗ ಉತ್ತರ ಕೊಡಲಿಲ್ಲ. ನಾಳೆ ಪ್ರವಚನಕ್ಕೆ ಬನ್ನಿರಿ ಎಂದೆವು. ಬಂದಿದ್ದಾರೆ, ಇದೇ ಸಭೆಯಲ್ಲಿ ಕುಳಿತಿದ್ದಾರೆ. ಯಾರೂ ಹಿಂದೆ ತಿರುಗಿ ಹುಡುಕಬೇಡಿರಿ.

ಕಟ್ಟಿಗೆ ಮಾರುವುದು ಕೀಳೆಂಬ ಮಾತು ಲಿಂಗವಂತರ ಮನೆಯಲ್ಲಿ ಹೇಗೆ ಹುಟ್ಟಿತೋ ನಮಗೆ ತಿಳಿಯದು. ಕಲ್ಯಾಣದ ಶರಣರಲ್ಲಿ ಒಬ್ಬರ ಹೆಸರೇ ಕಟ್ಟಿಗೆಯಿಂದ ಬಂದಿದೆ. ಮೋಳಿಗೆಯೆಂದರೆ ಕಟ್ಟಿಗೆಯ ಹೊರೆ. ಆ ಹೊರೆಯನ್ನು ಹೊತ್ತು ಮಾರಿದವರು ಮೋಳಿಗೆಯ ಮಾರಯ್ಯನವರು. ಪುರಾಣಗಳ ಪ್ರಕಾರ ಅವರು ಕಾಶ್ಮೀರದ ಅರಸರು. ಬಸವಣ್ಣನವರ ಕೀರ್ತಿಯನ್ನು ಕೇಳಿ, ರಾಜ್ಯವನ್ನು ತೊರೆದು, ಪತ್ನಿ ಮಹಾದೇವಿಯಮ್ಮನವರೊಡನೆ ಕಲ್ಯಾಣಕ್ಕೆ ಬಂದರು. ಕಿರೀಟ ಹೊತ್ತ ತಲೆ ಹೊರೆಯನ್ನು ಹೊತ್ತಿತು. ಗಂಡ ಹೆಂಡಿರಿಬ್ಬರೂ ವಚನಗಳನ್ನು ಬರೆದಿದ್ದಾರೆ. ಬೀದರ ಜಿಲ್ಲೆಗೆ ಹೋದವರಿಗೆ ಇಂದಿಗೂ ಮಾರಯ್ಯನವರ ಗವಿಯನ್ನು ತೋರಿಸುತ್ತಾರೆ.

ಆ ಕಥೆಯ ಒಂದು ಭಾಗ ನಿಮಗೆಲ್ಲ ಗೊತ್ತು. ಮಾರಯ್ಯನವರು ಕಾಡಿಗೆ ಹೋದಾಗ ಬಸವಣ್ಣನವರು ಜಂಗಮ ವೇಷದಿಂದ ಅವರ ಮನೆಗೆ ಬಂದು, ಮಹಾದೇವಿಯಮ್ಮನವರು ನೀಡಿದ ಅಂಬಲಿಯನ್ನು ಸ್ವೀಕರಿಸಿ, ಹೊನ್ನಿನ ಗಂಟನ್ನು ಗುಟ್ಟಾಗಿ ಇಟ್ಟು ಹೋದರು. ಹೊರೆ ಮಾರಿ ಬಂದ ಮಾರಯ್ಯನವರು ಅದನ್ನು ಕಂಡು ಹಿಗ್ಗಲಿಲ್ಲ. ಜಂಗಮರನ್ನು ಕರೆದು ಹಂಚಿಬಿಟ್ಟರು. ತಾನು ಹೊರದೆ ಬಂದ ಹೊನ್ನು ತನ್ನದಲ್ಲವೆಂಬುದು ಅವರ ಲೆಕ್ಕ.

ನಾವು ಪುರಾಣದಲ್ಲಿಲ್ಲದ ಒಂದು ಮಾತನ್ನು ಕೇಳುತ್ತೇವೆ. ಮಾರಯ್ಯನವರು ಮಾರಿದ ಕಟ್ಟಿಗೆ ಹಸಿಯದೋ, ಒಣದೋ? ಇದೇನು ಪ್ರಶ್ನೆಯೆಂದು ಹಿಂದೆ ಕುಳಿತ ಹಿರಿಯರು ನಗುತ್ತಿದ್ದಾರೆ. ನಗಿರಿ. ಈ ಪ್ರಶ್ನೆ ನಮಗೆ ಪುಸ್ತಕದಿಂದ ಬಂದದ್ದಲ್ಲ, ಹೊಗೆಯಿಂದ ಬಂದದ್ದು.

ನಾವು ಸಂಸ್ಕೃತ ಪಾಠಶಾಲೆಯಲ್ಲಿ ಓದುತ್ತಿದ್ದಾಗ ಪ್ರತಿ ಸೋಮವಾರ ಕಟ್ಟಿಗೆಯ ಸರದಿ. ಎಂಟು ಜನ ವಟುಗಳು ಗುಡ್ಡಕ್ಕೆ ಹೋಗಿ ಪುಳ್ಳೆ ಆರಿಸಿ ತರಬೇಕು. ಅದೇ ವಾರ ಗುರುಗಳು ಅಮರಕೋಶದ ಪಾಠ ಹೇಳುತ್ತಿದ್ದರು. ಇಂಧನವೆಂಬ ಶಬ್ದ ಬಂದಿತು. ‘ಇಂಧ್’ ಎಂಬುದು ಧಾತು, ಬೆಳಗು, ಉರಿ ಎಂದು ಅರ್ಥ. ಅದಕ್ಕೆ ‘ಸಮ್’ ಎಂಬ ಉಪಸರ್ಗ ಸೇರಿ ಸಮಿಧವಾಗುತ್ತದೆ ಎಂದು ವ್ಯುತ್ಪತ್ತಿ ಹೇಳಿದರು. ಪ್ರಾಚೀನ ಕಾಲದಲ್ಲಿ ಶಿಷ್ಯನು ಸಮಿತ್ತನ್ನು ಕೈಯಲ್ಲಿ ಹಿಡಿದೇ ಗುರುವಿನ ಬಳಿಗೆ ಹೋಗುತ್ತಿದ್ದನು ಎಂದರು. ನಾವು ತಂದ ಸಮಿತ್ತು ಆ ದಿನ ಮಳೆಯಲ್ಲಿ ನೆನೆದಿತ್ತು. ಒಲೆ ಹತ್ತಲಿಲ್ಲ. ರಾತ್ರಿ ಒಂಬತ್ತಕ್ಕೆ ಅರೆಬೆಂದ ಜೋಳದ ನುಚ್ಚು. ಗುರುಗಳು ಅದನ್ನೇ ಪ್ರಸಾದವೆಂದು ಸ್ವೀಕರಿಸಿ, “ಇಂದು ಧಾತು ಮಾತ್ರ ಕಲಿತಿರಿ, ಅರ್ಥ ಇನ್ನೂ ಒಣಗಬೇಕು” ಎಂದು ನಕ್ಕರು. ನಮಗೆ ನಗು ಬರಲಿಲ್ಲ, ಹಸಿವಾಗಿತ್ತು.

ಆ ಅರ್ಥ ಒಣಗಲಿಕ್ಕೆ ಮೂವತ್ತು ವರ್ಷ ಹಿಡಿಯಿತು. ಈಗ ಹೇಳುವುದನ್ನು ನಾವು ಇದುವರೆಗೆ ಸಭೆಯಲ್ಲಿ ಹೇಳಿರಲಿಲ್ಲ.

2013ರ ಜಾತ್ರೆ. ಮಹಾದಾಸೋಹದ ದಿನ ಬೆಳಗಿನ ನಾಲ್ಕಕ್ಕೆ ಹನ್ನೆರಡು ಒಲೆ ಹೊತ್ತಿಸಬೇಕಾಗಿತ್ತು. ಹೊತ್ತಲಿಲ್ಲ. ಹೊಗೆಯೆಂದರೆ ಹೊಗೆ. ಅಡುಗೆಯ ಶರಣರು ಸೀಮೆ ಎಣ್ಣೆ ಸುರಿದರು, ತೆಂಗಿನ ಗರಿ ತುರುಕಿದರು. ಸೀಳಿನ ತುದಿಯಿಂದ ನೀರು ಕುದಿಕುದಿದು ನೊರೆಯಾಗಿ ಇಳಿಯುತ್ತಿತ್ತೇ ಹೊರತು ಉರಿ ಏಳಲಿಲ್ಲ. ಗೋಧಿ ಹುಗ್ಗಿ ತಳ ಹಿಡಿಯಿತು, ಅನ್ನ ಮೇಲೆ ಮೇಲೆ ಬೆಂದು ನಡುವೆ ಅಕ್ಕಿಯಾಗಿಯೇ ಉಳಿಯಿತು. ಹನ್ನೊಂದಕ್ಕೆ ಆರಂಭವಾಗಬೇಕಾದ ಪಂಕ್ತಿ ಎರಡೂವರೆಗೆ ಆರಂಭವಾಯಿತು. ರೊಟ್ಟಿ ಬಡಿಯಲು ಬಂದಿದ್ದ ತಾಯಂದಿರು ಕಣ್ಣಿಗೆ ಸೆರಗು ಒತ್ತಿಕೊಂಡು ಹೊರಗೆ ಕುಳಿತಿದ್ದರು. ಪರಸ್ಥಳದಿಂದ ಬಂದ ಎಷ್ಟೋ ಜನ ಉಣ್ಣದೆ ಬಸ್ಸು ಹತ್ತಿದರು.

ಕಟ್ಟಿಗೆ ಕೊಟ್ಟವರು ನಮ್ಮ ಮಠದ ಹಳೆಯ ಭಕ್ತರು. ಐದು ಎಕರೆ ಹೊಲದಲ್ಲಿ ಮನೆಮಂದಿಯೆಲ್ಲ ಸೇರಿ ಈ ವ್ಯಾಪಾರ ನಡೆಸುತ್ತಿದ್ದವರು. ನಾವು ಅವರನ್ನು ಕರೆಸಿದೆವು. ನೂರಾರು ಜನರ ಮುಂದೆ, “ಶಿವನ ಒಲೆಗೆ ನೀರು ಮಾರಿದಿರಿ” ಎಂದು ಬಿರುಸಾಗಿ ನುಡಿದೆವು. ಅವರು ತಲೆಯ ವಸ್ತ್ರ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತರು. ಒಂದು ಮಾತಾಡಲಿಲ್ಲ. ನಮಸ್ಕರಿಸಿ ಹೋದರು.

ರಾತ್ರಿ ಅವರ ಧರ್ಮಪತ್ನಿ ಬಂದಳು. ಬಾಗಿಲ ಹೊರಗೇ ನಿಂತು, “ಅಪ್ಪಾರ, ಬೈದದ್ದು ಖರೇ ಐತ್ರೀ. ಆದ್ರ ಮಠದ ವಹಿ ಒಂದ ಸಲ ತೆಗಿಸಿ ನೋಡ್ರೀ” ಎಂದಳು.

ತೆಗೆಸಿದೆವು. ಹಿಂದಿನ ಎರಡು ಜಾತ್ರೆಗಳ ಕಟ್ಟಿಗೆಯ ಬಾಕಿ 41,000 ರೂಪಾಯಿ ಹಾಗೆಯೇ ನಿಂತಿತ್ತು. ಅದರ ಮೇಲೆ, ಮಠಕ್ಕಲ್ಲವೇ ಎಂದು ಪ್ರತಿ ಕ್ವಿಂಟಲಿಗೂ ದರ ಇಳಿಸಿ ಬರೆಸಿದ್ದರು. ವ್ಯವಸ್ಥಾಪಕರನ್ನು ದೂರುವುದಕ್ಕೆ ಬಾರದು. ಪ್ರತಿ ಪುಟದ ಕೆಳಗೂ ನಮ್ಮ ಸಹಿ ಇತ್ತು. ಓದದೆ ಹಾಕಿದ ಸಹಿ. ಆ ಮನುಷ್ಯ ಮಠಕ್ಕೆಂದೇ ಹಿಂದಿನ ಬೇಸಿಗೆಯಲ್ಲಿ ಸೀಳಿ ಒಣಗಿಸಿಟ್ಟ ಕಟ್ಟಿಗೆಯನ್ನು ದೀಪಾವಳಿಯಲ್ಲಿ ಹೋಟೆಲಿನವರಿಗೆ ಮಾರಿ ಮಗಳ ಕಾಲೇಜಿನ ಫೀ ತುಂಬಿದ್ದರು. ಜಾತ್ರೆ ಬಂದಾಗ ಇಲ್ಲವೆನ್ನಲಾರದೆ, ಎಂಟು ದಿನ ಮುಂಚೆ ಕಡಿದದ್ದನ್ನು ತಂದು ಸುರುವಿದ್ದರು.

ಮರುದಿನ ಬೆಳಿಗ್ಗೆ ನಾವೇ ಅವರ ಹೊಲಕ್ಕೆ ಹೋದೆವು. ಬಾಕಿಯನ್ನು ಕೊಟ್ಟೆವು. ಕೊಡುವಾಗ ಕಣ್ಣು ಅತ್ತಿತ್ತ ಹೋಯಿತು, ಮನುಷ್ಯಸ್ವಭಾವ. ಮನೆಯ ಹಿಂದೆ ತಗಡಿನ ಚಪ್ಪರದ ಕೆಳಗೆ ಎರಡಾಳುದ್ದದ ಒಟ್ಟಿಲು, ಎಲ್ಲ ಕರಿಜಾಲಿ, ತುದಿ ಬಿರಿದು ಬೆಳ್ಳಗಾಗಿತ್ತು. ಮತ್ತೆ ಸಿಟ್ಟು ಬಂದಿತು. “ಇಷ್ಟು ಒಣ ಕಟ್ಟಿಗೆ ಇಟ್ಟುಕೊಂಡು ಮಠಕ್ಕೆ ಹಸಿಯದನ್ನು ಕಳಿಸಿದಿರಾ?” ಎಂದು ಕೇಳಿದೆವು.

ಅವರು ಹೇಳಿದರು: “ಅದು ಸತ್ತವರ ಕಟ್ಟಿಗೀರಿ, ಅಪ್ಪಾರ. ಮಳೀದಿನದಾಗ ನಡುರಾತ್ರಿ ಯಾರರ ಬಾಗಲ ಬಡದ್ರ, ಹಸೀದು ಕೊಡಾಕ ಬರೂದಿಲ್ಲ.”

ನಮ್ಮ ಸಂಪ್ರದಾಯದಲ್ಲಿ ಲಿಂಗೈಕ್ಯರಾದವರ ಕಾಯ ಮಣ್ಣಿಗೆ ಸಲ್ಲುತ್ತದೆ. ಸೌದೆಯ ಚಿಂತೆ ನಮಗಿಲ್ಲ. ಆದರೆ ಅದೇ ಊರಿನಲ್ಲಿ ದಹನ ಮಾಡುವ ಮನೆಗಳು ಎಷ್ಟಿಲ್ಲ? ಆ ಹೊತ್ತಿಗೆ ಬಂದವನು ದರ ಕೇಳುವುದಿಲ್ಲ, ತಕ್ಕಡಿ ನೋಡುವುದಿಲ್ಲ. ಅವನಿಗೆ ಏನು ಕೊಟ್ಟರೂ ಒಯ್ಯುತ್ತಾನೆ. ಸ್ಮಶಾನದಲ್ಲಿ ಚಿತೆ ಹೊಗೆಯಾಡುತ್ತ ನಿಂತರೆ ಮಗನಾದವನಿಗೆ ಏನಾಗುತ್ತದೆಂಬುದನ್ನು ಆ ಒಕ್ಕಲಿಗ ಎಂದೋ ಕಣ್ಣಾರೆ ಕಂಡಿದ್ದರು. ಅಂದಿನಿಂದ ಒಂದು ಒಟ್ಟಿಲು ತೆಗೆದಿರಿಸಿ, ಮದುವೆ ಬರಲಿ, ಜಾತ್ರೆ ಬರಲಿ, ಅದನ್ನು ಮುಟ್ಟುತ್ತಿರಲಿಲ್ಲ. ದಾಸೋಹದ ವಿಷಯವಾಗಿ ನಾವು ಎಷ್ಟೋ ಪ್ರವಚನ ಹೇಳಿದ್ದೇವೆ. ಆ ದಿನ ಹೇಳಲಿಕ್ಕೆ ಏನೂ ತೋಚಲಿಲ್ಲ.

ನಮ್ಮನ್ನು ಬೀಳ್ಕೊಡುವಾಗ ಅವರು, “ತಪ್ಪು ನಂದೂ ಐತ್ರೀ. ಹಸೀದು ಐತಿ ಅಂತ ಹೇಳಿ ಕೊಡಬೇಕಿತ್ತು. ಬಾಯಿ ಬರಲಿಲ್ಲ” ಎಂದರು. ಇಂದಿಗೂ ಅವರು ಮಠಕ್ಕೆ ಬರುತ್ತಾರೆ. ಆದರೆ ಮೊದಲಿನಂತೆ ಮುಂದೆ ಕೂಡ್ರುವುದಿಲ್ಲ. ಕಂಬದ ಹಿಂದೆ ಕುಳಿತು ಎದ್ದುಹೋಗುತ್ತಾರೆ. ಬಾಕಿ ತೀರಿಸಿದೆವು, ನೂರು ಜನರ ಮುಂದೆ ಆಡಿದ ಮಾತನ್ನು ನೂರು ಜನರ ಮುಂದೆಯೇ ಹಿಂದೆಗೆಯಬೇಕಾಗಿತ್ತು. ಅದನ್ನು ಇಂದು ಮಾಡುತ್ತಿದ್ದೇವೆ. ತಡವಾಯಿತು.

ಇನ್ನು ಈ ತರುಣನಿಗೆ ಹೇಳಬೇಕಾದ ಮಾತು. ಇದರಲ್ಲಿ ಬಹುಪಾಲು ಆ ಹೊಲದಲ್ಲಿಯೇ ಕೇಳಿ ಕಲಿತದ್ದು.

ಈಗ ತಾನೆ ಕಡಿದ ಮರದ ತೂಕದಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ನೀರೇ ಇರುತ್ತದೆ. ನೂರು ಕಿಲೊ ಹಸಿ ಕಟ್ಟಿಗೆಯಲ್ಲಿ 45 ಕಿಲೊ ನೀರೆಂದು ಹಿಡಿಯಿರಿ. ನಿಜವಾದ ಕಟ್ಟಿಗೆ 55 ಕಿಲೊ. ಚೆನ್ನಾಗಿ ಒಣಗಿದ ಮೇಲೂ ತೂಕದ ಐದರಲ್ಲೊಂದು ಪಾಲು ತೇವ ಉಳಿಯಬಹುದು. ಆಗ ಅದೇ ನೂರು ಕಿಲೊ 69 ಕಿಲೊ ಆಗಿ ಕಾಟಾದ ಮೇಲೆ ಕೂಡ್ರುತ್ತದೆ. ಕ್ವಿಂಟಲಿಗೆ 500 ರೂಪಾಯಿಯಂತೆ ಹಸಿಯದನ್ನು ಮಾರುವವನು ಅಷ್ಟೇ ಹಣ ಪಡೆಯಬೇಕಾದರೆ ಒಣದನ್ನು 727 ರೂಪಾಯಿಗೆ ಮಾರಬೇಕು. ಆರು ತಿಂಗಳು ಕಾದದ್ದಕ್ಕೆ, ಸೀಳಿದ್ದಕ್ಕೆ, ಒಟ್ಟಿದ್ದಕ್ಕೆ ಕೂಲಿ ಬೇರೆ. ಕೊಳ್ಳುವವರು 727 ಕೇಳಿದರೆ ಹೌಹಾರುತ್ತಾರೆ, 500ಕ್ಕೆ ಓಡಿ ಹೋಗಿ ನೀರನ್ನು ಹೊತ್ತು ತರುತ್ತಾರೆ. ಆಮೇಲೆ ಒಲೆಯ ಉರಿ ಮೊದಲು ಆ ನೀರನ್ನು ಕಾಯಿಸಿ ಆವಿಮಾಡಬೇಕು, ಉಳಿದ ಬಿಸಿಯಲ್ಲಿ ಅನ್ನ ಬೇಯಬೇಕು. ಅನ್ನಕ್ಕೆ ಮುಟ್ಟುವುದು ಎಷ್ಟು? ಆದುದರಿಂದ ಕಟ್ಟಿಗೆ ವ್ಯಾಪಾರದಲ್ಲಿ ಮೋಸವೆಂಬುದು ತಕ್ಕಡಿಯಲ್ಲಿಲ್ಲ. ತಕ್ಕಡಿ ಸರಿಯಾಗಿಯೇ ತೂಗುತ್ತದೆ. ಮೋಸ ಮೌನದಲ್ಲಿದೆ. ಹಸಿಯದನ್ನು ಹಸಿಯದೆಂದು ಹೇಳಿ ಮಾರು, ದೋಷವಿಲ್ಲ; ಇಟ್ಟಿಗೆ ಭಟ್ಟಿಯವರು, ಆಲೆಮನೆಯವರು ತಾವೇ ಒಣಗಿಸಿಕೊಳ್ಳುತ್ತಾರೆ.

ಸಂಕ್ರಾಂತಿ ದಾಟಿದ ಮೇಲೆ ಕಡಿ. ಕಡಿದ ಕೂಡಲೆ ಸೀಳು. ಬೊಡ್ಡೆಯಾಗಿಯೇ ಬಿಟ್ಟರೆ ತೊಗಟೆಯೊಳಗಿನ ನೀರು ಹೊರಗೆ ಬರುವುದಿಲ್ಲ. ಹುಣಸೆಯ ಬೊಡ್ಡೆಯಂತೂ ಒಣಗಿದ ಮೇಲೆ ಕೊಡಲಿಯನ್ನೇ ಮುರಿದೀತು. ನೆಲಕ್ಕೆ ತಾಗಿಸಬೇಡ, ಗೆದ್ದಲು ಹತ್ತುತ್ತದೆ. ಕಲ್ಲಿನ ಮೇಲೆ ಒಟ್ಟು. ಮೇಲೆ ತಗಡಿರಲಿ, ನಾಲ್ಕೂ ಮಗ್ಗುಲು ಗಾಳಿಗೆ ತೆರೆದಿರಲಿ. ಪ್ಲಾಸ್ಟಿಕ್ ಹಾಳೆಯನ್ನು ಸುತ್ತ ಹೊದಿಸುವವರು ಒಣಗಿಸುವುದಿಲ್ಲ, ಬೂಸಲು ಬೆಳೆಯುತ್ತಾರೆ. ಮೃಗಶಿರ ಮಳೆ ಬೀಳುವುದರೊಳಗೆ ಎಲ್ಲವೂ ಚಪ್ಪರದ ಕೆಳಗೆ ಬಂದಿರಬೇಕು. ಎರಡು ಸೀಳು ತೆಗೆದುಕೊಂಡು ಒಂದಕ್ಕೊಂದು ತಟ್ಟಿದರೆ ಟಣ್ಣೆನ್ನಬೇಕು. ದಪ್ಪೆಂದರೆ ಇನ್ನೂ ಹಸಿ. ಒಟ್ಟಿಲಿನಲ್ಲಿ ಚೇಳು ಸೇರುತ್ತದೆ, ಹಾವೂ ಸೇರುತ್ತದೆ. ಕತ್ತಲಲ್ಲಿ ತಾಯಿಯನ್ನು ಕಟ್ಟಿಗೆ ತರಲಿಕ್ಕೆ ಕಳಿಸಬೇಡ.

ಬಳ್ಳಾರಿ ಜಾಲಿ ನಮ್ಮ ನಾಡಿನ ಗಿಡವಲ್ಲ, ಅಮೆರಿಕ ಖಂಡದಿಂದ ಬಂದದ್ದು. ಉರುವಲಿಗೆ ಅದಕ್ಕಿಂತ ಒಳ್ಳೆಯದು ವಿರಳ. ಆದರೆ ಕುರಿ, ದನ ಅದರ ಕಾಯಿ ತಿಂದು ಸಗಣಿಯಲ್ಲಿ ಬೀಜ ಹರಡುತ್ತವೆ; ಬುಡ ಬಿಟ್ಟು ಕಡಿದರೆ ಮತ್ತೆ ನಾಲ್ಕು ಪಟ್ಟು ಚಿಗುರುತ್ತದೆ. ನಿನ್ನ ಎರಡು ಎಕರೆ ಅದಕ್ಕೆ ಬಿಟ್ಟರೆ ಹತ್ತು ವರ್ಷಕ್ಕೆ ಆರು ಎಕರೆಯೂ ಅದರದೇ. ಅದರ ಮುಳ್ಳು ಚುಚ್ಚಿದರೆ ಕೀವಾಗದೆ ಬಿಡುವುದಿಲ್ಲ. ಕಡಿಯುವ ಕೂಲಿಯವರಿಗೆ ಗಟ್ಟಿ ಮೆಟ್ಟು ಕೊಡಿಸು. ಅದು ನಿನ್ನ ಖರ್ಚು, ಅವರದಲ್ಲ. ಬದುವಿಗೆ ಗ್ಲಿರಿಸೀಡಿಯಾ, ಸುಬಾಬುಲ್ ಹಚ್ಚಿದರೆ ಮೊಣಕಾಲೆತ್ತರಕ್ಕೆ ಓರೆಯಾಗಿ ಕಡಿದಷ್ಟೂ ಮತ್ತೆ ಚಿಗುರುತ್ತವೆ, ಸೊಪ್ಪು ಹೊಲಕ್ಕೆ ಗೊಬ್ಬರವಾಗುತ್ತದೆ. ಸುಬಾಬುಲ್ ಬೀಜವನ್ನು ಮಾತ್ರ ಉದುರಲು ಬಿಡಬೇಡ, ಅದೂ ಹೊಲವೆಲ್ಲ ತುಂಬೀತು. ಸರ್ವೆ ಹಾಗಲ್ಲ, ಕಡಿದರೆ ಮುಗಿಯಿತು, ಹೊಸ ಸಸಿಯನ್ನೇ ನೆಡಬೇಕು. ಕರಿಜಾಲಿ ನಿಧಾನ. ಅಜ್ಜ ನೆಟ್ಟದ್ದನ್ನು ಮೊಮ್ಮಗ ಕಡಿಯುವ ಮರ ಅದು. ಒಂದು ಕಡಿದರೆ ಐದು ಹಚ್ಚು.

ಸ್ವಂತ ಹೊಲದ ಮರವಾದರೂ ಮನಸ್ಸಿಗೆ ಬಂದಂತೆ ಕಡಿಯುವಂತಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆ ಇದೆ. ಸರ್ವೆ, ನೀಲಗಿರಿ, ಸುಬಾಬುಲ್, ಬಳ್ಳಾರಿ ಜಾಲಿ ಮೊದಲಾದ ಕೆಲವಕ್ಕೆ ವಿನಾಯಿತಿಯಿದೆ. ಉಳಿದವುಗಳಿಗೆ ಅರಣ್ಯ ಇಲಾಖೆಯ ಕಚೇರಿಯಲ್ಲಿ ಮೊದಲೇ ವಿಚಾರಿಸಿ, ಕಾಗದ ಕೈಯಲ್ಲಿ ಹಿಡಿದು ಕೊಡಲಿ ಎತ್ತು, ಸಾಗಿಸುವುದಕ್ಕೂ ಕಾಗದ ಬೇಕೇ ಎಂದು ಕೇಳಿಕೋ. ದಾರಿಯಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿದಾಗ ಸ್ವಾಮಿಗಳ ಹೆಸರು ಹೇಳಬೇಡ. ಹಾಗೆ ಹೇಳಿದವರಿದ್ದಾರೆ.

ಈ ವ್ಯಾಪಾರ ಎಷ್ಟು ದಿನ? ನೀನು ಕೇಳದಿದ್ದರೂ ನಿನ್ನ ತಾಯಿಯ ಮನಸ್ಸಿನಲ್ಲಿ ಈ ಪ್ರಶ್ನೆಯಿದೆ. 2016ರ ಮೇ ತಿಂಗಳಲ್ಲಿ ಉಜ್ವಲಾ ಯೋಜನೆ ಆರಂಭವಾದ ಮೇಲೆ ಬಡವರ ಮನೆಗೂ ಗ್ಯಾಸ್ ಬಂದಿದೆ. ಅದು ಬರಬೇಕಾದದ್ದೇ. ನಮ್ಮ ತಾಯಂದಿರು ತಲೆತಲಾಂತರದಿಂದ ಹೊಗೆ ಕುಡಿದು ಕೆಮ್ಮಿದ್ದು ಸಾಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಎಂಬ ವಿಭಾಗದವರು ಹೊಗೆಕೊಳವೆಯ ಅಸ್ತ್ರ ಒಲೆಯನ್ನು ರೂಪಿಸಿದರು. ನಾವು ಚಿಕ್ಕವರಿದ್ದಾಗ ಪಾಠಶಾಲೆಯಲ್ಲಿಯೂ ಒಂದನ್ನು ಹಾಕಿದ್ದರು. ಕೊಳವೆಯ ಮಸಿ ತೆಗೆಯುವ ಸರದಿ ಮತ್ತೆ ನಮ್ಮದೇ. ಮನೆಯ ಒಲೆಯನ್ನು ನಂಬಿ ಈ ವ್ಯಾಪಾರಕ್ಕೆ ಇಳಿಯಬೇಡ. ಖಾನಾವಳಿ, ಮದುವೆ, ಜಾತ್ರೆ, ಆಲೆಮನೆ, ಸ್ಮಶಾನ, ಇಷ್ಟೇ ನಿನ್ನ ಗಿರಾಕಿ. ಇದರಿಂದಲೇ ಮನೆ ಕಟ್ಟಿಸುತ್ತೇನೆಂದರೆ ಆಗದು. ನಾಲ್ಕು ಎಕರೆಯ ಜೋಳ, ಕಡಲೆಯನ್ನು ಬಿಡದೆ, ಸುಗ್ಗಿಯಿಲ್ಲದ ತಿಂಗಳುಗಳ ಕೈಖರ್ಚಿಗೆ ಇದು ಒಂದು ಆಸರೆ. ಉದ್ರಿಯನ್ನು ಒಂದು ಜಾತ್ರೆಗಿಂತ ಮುಂದೆ ಹೋಗಗೊಡಬೇಡ, ಮಠವಾದರೂ ಸರಿಯೆ.

ಇನ್ನು, ತಾಯಿ, ನಿನ್ನ ಮಾತಿಗೆ ಬರುತ್ತೇವೆ. ಕಟ್ಟಿಗೆ ಮಾರುವವನಿಗೆ ಹೆಣ್ಣು ಯಾರು ಕೊಡುತ್ತಾರೆಂದು ಕೇಳಿದೆ. ಈ ಸಭೆಯಲ್ಲಿ ಹೆಣ್ಣು ಹೆತ್ತವರು ನೂರು ಜನರಾದರೂ ಇದ್ದೀರಿ. ನಾವು ಯಾರನ್ನೂ ಕೈ ಎತ್ತಿಸುವುದಿಲ್ಲ, ಮದುವೆಯ ಮಾತು ಸಭೆಯಲ್ಲಿ ಆಡುವಂಥದ್ದಲ್ಲ. ಆದರೆ ಮಹಾದೇವಿಯಮ್ಮನವರು ರಾಣಿಯ ಪಟ್ಟ ಬಿಟ್ಟು ಬಂದು ಕಟ್ಟಿಗೆ ಮಾರಿದ ಹಣದಲ್ಲಿ ಅಂಬಲಿ ಕಾಯಿಸಿದರೆಂದು ಪ್ರತಿ ಶ್ರಾವಣದಲ್ಲಿ ಕೇಳಿ ತಲೆದೂಗುತ್ತೀರಿ. ಕೇಳಿ ಮನೆಗೆ ಹೋಗಿ, ವರನಿಗೆ ಪುಣೆಯಲ್ಲಿ ನೌಕರಿ ಇದೆಯೋ ಇಲ್ಲವೋ ಎಂದು ವಿಚಾರಿಸುತ್ತೀರಿ. ನಮ್ಮ ಪ್ರವಚನದ ಕಟ್ಟಿಗೆಯೂ ಹಸಿಯದೇ ಇದ್ದೀತು.

ಹುಡುಗ, ನೀನು ಬರುವ ಬೇಸಿಗೆಯಲ್ಲಿ ಕಡಿದು ಒಣಗಿಸಿದ್ದನ್ನು ಅದರ ಮುಂದಿನ ಜಾತ್ರೆಗೆ ಮಠಕ್ಕೆ ತೆಗೆದುಕೊಂಡು ಬಾ. ಎರಡು ಟ್ರ್ಯಾಕ್ಟರ್ ಸಾಕು. ಕಾಟಾದ ಚೀಟಿ ತೋರಿಸಿದ ದಿನವೇ ಹಣ ಸಿಗುತ್ತದೆ, ಪೇಟೆಯ ದರ, ಒಂದು ರೂಪಾಯಿ ಕಡಿಮೆಯಿಲ್ಲ. ವಹಿಯನ್ನು ಈಗ ನಾವು ಓದಿಯೇ ಸಹಿ ಹಾಕುತ್ತೇವೆ. ಅಡುಗೆಯ ಶರಣರು ಮಾತ್ರ ಎರಡೆರಡು ಸೀಳು ತೆಗೆದು ತಟ್ಟಿ ನೋಡುತ್ತಾರೆ, ಸಿಟ್ಟಾಗಬೇಡ. ಒಣಗಿಸುವ ಬಗೆಯನ್ನು ಕಲಿಯಬೇಕೆಂದರೆ ಗುರುಗಳು ದೂರವಿಲ್ಲ. ಆ ಕಂಬದ ಹಿಂದೆ ಕುಳಿತಿದ್ದಾರೆ. ಅವರು ಎದ್ದು ಹೋಗುವುದರೊಳಗೆ ಹೋಗಿ ಕಾಲು ಮುಟ್ಟು.

ಪ್ರಸಾದಕ್ಕೆ ಹೊತ್ತಾಯಿತು, ಎಲ್ಲರೂ ಏಳಿರಿ.